ನಾಯಿಯನ್ನು ಕಾರವಾರದಿಂದ ದೆಹಲಿಗೆ ರೈಲಿನಲ್ಲಿ ಕರೆದೊಯ್ಯಬಹುದೇ?

ಪ್ರಶ್ನೆ: ನಾವು ಕಾರವಾರದವರು. ಮಗಳ ಬಾಣಂತನಕ್ಕೆ ದೆಹಲಿಗೆ ಹೋಗಬೇಕು, ಎರಡು-ಮೂರು ತಿಂಗಳು ಅಲ್ಲೇ ಇರಬೇಕಾಗಬಹುದು. ಮನೆಯಲ್ಲಿ ಮೂರು ವರ್ಷದ, ಸುಮಾರು 20 ಕಿಲೋ ತೂಗುವ ಊರನಾಯಿ ಇದೆ. ನೋಡಿಕೊಳ್ಳಲು ಯಾರೂ ಇಲ್ಲ. ರೈಲಿನಲ್ಲಿ ಒಯ್ಯಬಹುದೇ? ತ್ರೀ ಟಯರ್ ಎಸಿಯಲ್ಲಿ ಬಿಡುತ್ತಾರೆಯೇ?

ಉತ್ತರ: ಒಯ್ಯಬಹುದು, ಆದರೆ ತ್ರೀ ಟಯರ್‌ನಲ್ಲಿ ಅಲ್ಲ. ಟೂ ಟಯರ್, ಸ್ಲೀಪರ್, ಚೇರ್ ಕಾರ್ ಯಾವುದರಲ್ಲೂ ನಾಯಿಗೆ ಅವಕಾಶವಿಲ್ಲ. ಇರುವುದು ಎರಡೇ ದಾರಿ. ಒಂದು, ಫಸ್ಟ್ ಎಸಿಯಲ್ಲಿ ಇಬ್ಬರ ಕೂಪೆಯನ್ನೋ ನಾಲ್ವರ ಕ್ಯಾಬಿನ್ನನ್ನೋ ಪೂರ್ತಿಯಾಗಿ ನಿಮ್ಮ ಹೆಸರಿಗೇ ತೆಗೆದುಕೊಂಡು ನಾಯಿಯನ್ನು ಜೊತೆಗಿಟ್ಟುಕೊಳ್ಳುವುದು. ಇನ್ನೊಂದು, ಗಾರ್ಡ್ ಬೋಗಿಯಲ್ಲಿರುವ ಡಾಗ್ ಬಾಕ್ಸ್‌ನಲ್ಲಿ ಹಾಕಿ ಕಳಿಸುವುದು. ಬುಕ್ ಮಾಡದೆ ನಾಯಿಯನ್ನು ಹತ್ತಿಸಿ ಸಿಕ್ಕಿಬಿದ್ದರೆ ಲಗೇಜ್ ದರದ ಆರು ಪಟ್ಟು ದಂಡ.

ಡಾಗ್ ಬಾಕ್ಸ್ ಅಗ್ಗ. 30 ಕಿಲೋ ಲಗೇಜಿನ ಲೆಕ್ಕದಲ್ಲಿ ಹಣ ಕಟ್ಟಿದರೆ ಮುಗಿಯಿತು. ಆದರೆ ದೆಹಲಿಯಷ್ಟು ದೂರಕ್ಕೆ ಅದು ಬೇಡ. ಅದೊಂದು ಲೋಹದ ಗೂಡು, ಜಾಲರಿಯಿಂದ ಬಂದಷ್ಟೇ ಗಾಳಿ. ಅನ್ನ, ನೀರು ಕೊಡುವ ಹೊಣೆ ಪೂರ್ತಿ ನಿಮ್ಮದು, ಗಾರ್ಡ್‌ನದ್ದಲ್ಲ. ಇಲ್ಲೊಂದು ಲೆಕ್ಕ ಹಾಕಿ ನೋಡಿ: ಒಂದು ಬೋಗಿಯ ಉದ್ದ ಸುಮಾರು 24 ಮೀಟರ್. ನೀವು ಗಾಡಿಯ ಮುಂದಿನ ತುದಿಯಲ್ಲಿದ್ದು ನಾಯಿ ಹಿಂದಿನ ತುದಿಯಲ್ಲಿದ್ದರೆ, 20 ಬೋಗಿಯ ಗಾಡಿಯಲ್ಲಿ ನಡುವಿನ ಅಂತರ ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್. ಸಣ್ಣ ನಿಲ್ದಾಣಗಳಲ್ಲಿ ಗಾಡಿ ನಿಲ್ಲುವುದು ಒಂದೆರಡು ನಿಮಿಷ. ನೀರಿನ ಬಾಟಲಿ ಹಿಡಿದು ಓಡಿ, ಬಾಗಿಲು ತೆಗೆಸಿ, ಕುಡಿಸಿ, ವಾಪಸ್ ಬಂದು ಹತ್ತುವುದು ಆಗುವ ಮಾತಲ್ಲ. ಏಪ್ರಿಲ್-ಮೇ ಸೆಕೆಯಲ್ಲಂತೂ ನಾಯಿಯ ಜೀವಕ್ಕೇ ಅಪಾಯ. ಒಂದು ರಾತ್ರಿಯ ಪ್ರಯಾಣವಾದರೆ, ಅದೂ ಚಳಿಗಾಲದಲ್ಲಿ, ಹೇಗೋ ನಡೆದೀತು.

ಹಾಗಾಗಿ ನಿಮಗಿರುವುದು ಕೂಪೆಯೇ. ತಿರುವನಂತಪುರ-ನಿಜಾಮುದ್ದೀನ್ ರಾಜಧಾನಿಯಲ್ಲಿ ಫಸ್ಟ್ ಎಸಿ ಬೋಗಿ ಇದೆ. ವಾರಕ್ಕೆ ಮೂರು ದಿನ ಓಡುವ ಈ ಗಾಡಿ ಮಡಗಾಂವ್‌ನಿಂದ ಹೆಚ್ಚುಕಡಿಮೆ ಒಂದು ದಿನದಲ್ಲಿ ದೆಹಲಿ ಮುಟ್ಟಿಸುತ್ತದೆ. ಕಾರವಾರದಿಂದ ಮಡಗಾಂವ್‌ಗೆ ಸುಮಾರು 70 ಕಿಲೋಮೀಟರ್, ಕಾರಿನಲ್ಲಿ ಎರಡು ತಾಸಿನ ದಾರಿ. ಕಾರವಾರದ್ದೇ ಆದ ಶಿರವಾಡದ ರೈಲು ನಿಲ್ದಾಣ ಮನೆ ಬಾಗಿಲಲ್ಲೇ ಇರುವಾಗ ಅಲ್ಲಿಯತನಕ ಯಾಕೆ ಹೋಗಬೇಕು ಎನಿಸಬಹುದು. ಆದರೆ ನಾಯಿಯ ಜೊತೆ ಹೋಗುವವರಿಗೆ ಪಾರ್ಸೆಲ್ ಆಫೀಸಿನ ಕೆಲಸ ನಿಧಾನವಾಗಿ ಮುಗಿಸಲು ಆಗುವ, ಗಾಡಿ ತುಸು ಹೆಚ್ಚು ಹೊತ್ತು ನಿಲ್ಲುವ ದೊಡ್ಡ ನಿಲ್ದಾಣವೇ ಲೇಸು. ಮುಂಬೈವರೆಗಷ್ಟೇ ಹೋಗುವವರಿಗೆ ಮಡಗಾಂವ್‌ನಲ್ಲೇ ಹುಟ್ಟುವ ಕೊಂಕಣ ಕನ್ಯಾ ಇನ್ನೂ ಅನುಕೂಲ. ಶಿರಸಿ ಕಡೆಯವರು ಹೇಗೂ ರೈಲಿಗಾಗಿ ಘಟ್ಟ ಇಳಿಯಲೇಬೇಕು ಅಥವಾ ಹುಬ್ಬಳ್ಳಿ, ಹಾವೇರಿ, ತಾಳಗುಪ್ಪದ ಹಾದಿ ಹಿಡಿಯಬೇಕು.

ಇನ್ನು ಜನ ಎಡವುವ ಜಾಗ. ಫಸ್ಟ್ ಎಸಿ ಟಿಕೆಟ್ ಕನ್ಫರ್ಮ್ ಆದರೂ ಬರ್ತ್ ನಂಬರ್ ಅದರ ಮೇಲೆ ಇರುವುದಿಲ್ಲ. ಕೂಪೆಯೋ ಕ್ಯಾಬಿನ್ನೋ ಗೊತ್ತಾಗುವುದು ಚಾರ್ಟ್ ಆದ ಮೇಲೆ. ಇಬ್ಬರ ಟಿಕೆಟ್ ಮಾಡಿಸಿದ್ದೀರಿ, ನಾಲ್ವರ ಕ್ಯಾಬಿನ್ ಸಿಕ್ಕಿತು, ಉಳಿದೆರಡು ಬರ್ತ್‌ಗೆ ಬೇರೆಯವರು ಬಂದರು ಎಂದರೆ ನಾಯಿಗೆ ಅಲ್ಲಿ ಜಾಗವಿಲ್ಲ. ಇದನ್ನು ತಪ್ಪಿಸಲು ಎರಡೂ ಬರ್ತ್ ಒಂದೇ ಪಿಎನ್ಆರ್‌ನಲ್ಲಿ ಇರಲಿ. ಟಿಕೆಟ್ ಆದ ಕೂಡಲೇ, ನಾಯಿ ಜೊತೆಗಿರುವುದರಿಂದ ಕೂಪೆ ಕೊಡಿ ಎಂದು ರೈಲ್ವೆಯ ಕಮರ್ಷಿಯಲ್ ವಿಭಾಗಕ್ಕೆ ಲಿಖಿತ ಅರ್ಜಿ ಕೊಡಿ. ಪಿಎನ್ಆರ್, ಪ್ರಯಾಣದ ದಿನ, ಹತ್ತುವ ನಿಲ್ದಾಣ ಬರೆದು, ಟಿಕೆಟ್ ಮತ್ತು ಲಸಿಕೆ ಪುಸ್ತಕದ ಪ್ರತಿ ಲಗತ್ತಿಸಿ, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಹೊರಡುವ ಹಿಂದಿನ ದಿನ ಅದೇ ಅರ್ಜಿಯ ಪ್ರತಿ ಹಿಡಿದು ಇನ್ನೊಮ್ಮೆ ವಿಚಾರಿಸಿ. ಅರ್ಜಿ ಕೊಟ್ಟವರಿಗೆಲ್ಲ ಕೂಪೆ ಸಿಗುತ್ತದೆ ಎಂದೇನೂ ಇಲ್ಲ. ಒಬ್ಬ ಮಂತ್ರಿಯೋ ದೊಡ್ಡ ಅಧಿಕಾರಿಯೋ ಅದೇ ಗಾಡಿಗೆ ಬಂದರೆ ನಿಮ್ಮ ನಾಯಿಯ ಸರದಿ ಹಿಂದೆ ಬೀಳುತ್ತದೆ. ಆದ್ದರಿಂದ ಎರಡನೇ ಯೋಜನೆ ಒಂದು ತಯಾರಿರಲಿ: ಒಬ್ಬರು ಆ ದಿನ ಹೋಗುವುದು, ಇನ್ನೊಬ್ಬರು ನಾಯಿಯ ಜೊತೆ ಉಳಿದು ನಂತರ ಹೊರಡುವುದು. ಬಾಣಂತನಕ್ಕೆ ಹೋಗುವವರು ಹೆರಿಗೆಯ ದಿನಕ್ಕೆ ತೀರಾ ಹತ್ತಿರದ ಗಾಡಿ ಹಿಡಿಯಬಾರದು ಎನ್ನುವುದು ಇದಕ್ಕೇ.

ಹೊರಡುವ ದಿನ ಗಾಡಿಗಿಂತ ಎರಡು-ಮೂರು ತಾಸು ಮೊದಲು ಪಾರ್ಸೆಲ್ ಆಫೀಸಿನಲ್ಲಿರಿ. ಟಿಕೆಟ್, ಗುರುತಿನ ಚೀಟಿ, ಲಸಿಕೆ ಪುಸ್ತಕ, ಪ್ರಯಾಣಕ್ಕೆ ಯೋಗ್ಯ ಎಂಬ ಪಶುವೈದ್ಯರ ಪ್ರಮಾಣಪತ್ರ, ಎಲ್ಲದಕ್ಕೂ ಎರಡೆರಡು ಜೆರಾಕ್ಸ್. ಪ್ರಮಾಣಪತ್ರ ಹಳತಾಗಿರಬಾರದು, ಹೊರಡುವ 24ರಿಂದ 48 ತಾಸಿನೊಳಗೆ ಬರೆಸಿದ್ದಾಗಿರಲಿ. ಸರ್ಕಾರಿ ಪಶು ಆಸ್ಪತ್ರೆಯಲ್ಲೇ ಆಗುತ್ತದೆ, ಆದರೆ ಭಾನುವಾರದ ಗಾಡಿಗೆ ಶನಿವಾರ ವೈದ್ಯರು ಸಿಗುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ. ಫಸ್ಟ್ ಎಸಿಯಲ್ಲಿ ನಾಯಿಗೆ 60 ಕಿಲೋ ಲಗೇಜಿನ ಲೆಕ್ಕದಲ್ಲಿ ಹಣ ಹಿಡಿಯುತ್ತಾರೆ, ನಿಮ್ಮದು 20 ಕಿಲೋ ಇದ್ದರೂ ಅಷ್ಟೇ. ಆ ರಸೀದಿ ಕಳೆಯಬೇಡಿ, ಟಿಟಿಇ ಕೇಳುವುದು ಅದನ್ನೇ. ಕೊರಳಪಟ್ಟಿಯ ಜೊತೆಗೆ ಎದೆಗೆ ಕಟ್ಟುವ ಹಾರ್ನೆಸ್ ಇರಲಿ. ಪ್ಲಾಟ್‌ಫಾರ್ಮಿನಲ್ಲಿ ಇಂಜಿನ್ ಹಾರ್ನ್ ಹೊಡೆದಾಗ ಬೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ಬರೀ ಪಟ್ಟಿ ತಲೆಯಿಂದ ಜಾರಿ ಕೈಯಲ್ಲಿ ಉಳಿಯುತ್ತದೆ. ಬಾಯಿಗೆ ಕುಕ್ಕೆಯೂ ಬೇಕು, ಅದನ್ನು ವಾರ ಮೊದಲೇ ದಿನಕ್ಕೆ ಐದು-ಹತ್ತು ನಿಮಿಷ ಹಾಕಿ ರೂಢಿ ಮಾಡಿಸಿ.

ಕರಾವಳಿ ನಾಯಿಗಳ ದೊಡ್ಡ ತೊಡಕು ಊಟದ್ದು. ಮೀನುಸಾರು-ಅನ್ನ ತಿಂದು ಬೆಳೆದದ್ದು ಪ್ಯಾಕೆಟ್ಟಿನ ಒಣ ತಿಂಡಿ ಮೂಸಿಯೂ ನೋಡುವುದಿಲ್ಲ. ಹಾಗಂತ ಬಂಗಡೆ ಸಾರನ್ನು ಡಬ್ಬಿಗೆ ತುಂಬಿ ಎಸಿ ಬೋಗಿಗೆ ಒಯ್ಯುವ ಹಾಗಿಲ್ಲ, ಹಳಸಿದರೆ ಭೇದಿ, ಹಳಸದಿದ್ದರೂ ಪಕ್ಕದ ಕ್ಯಾಬಿನ್ನಿನಿಂದ ತಕರಾರು. ಹತ್ತು ದಿನ ಮೊದಲೇ ಬದಲಾವಣೆ ಶುರುಮಾಡಿ. ಮೊದಲು ಕಾಲು ಭಾಗ ಒಣ ತಿಂಡಿ, ಮೂರು-ನಾಲ್ಕು ದಿನ ಬಿಟ್ಟು ಅರ್ಧ, ಆಮೇಲೆ ಮುಕ್ಕಾಲು. ಒಮ್ಮೆಲೇ ಬದಲಿಸಿದರೆ ಹೊಟ್ಟೆ ಕೆಡುವುದು ಸರಿಯಾಗಿ ರತ್ನಾಗಿರಿಯ ಹೊತ್ತಿಗೆ. ಒಣಮೀನಿನ ಆಸೆ ತೋರಿಸಬೇಡಿ, ಉಪ್ಪಿಗೆ ನೀರಡಿಕೆ, ನೀರಡಿಕೆಗೆ ಮೂತ್ರ. ಹೊರಡುವ ಆರು ತಾಸು ಮೊದಲು ಕೊನೆಯ ಊಟ. ಗಾಡಿಯಲ್ಲಿ ದಿನದ ಊಟದ ಅರ್ಧ ಸಾಕು, ನೀರು ಮಾತ್ರ ಸ್ವಲ್ಪ ಸ್ವಲ್ಪವೇ ಆಗಾಗ.

ಮೂತ್ರದ ಸಂಗತಿಗೂ ಪೂರ್ವತಯಾರಿ ಬೇಕು. ಹಿತ್ತಲಲ್ಲಿ ತೆಂಗಿನ ಬುಡಕ್ಕೆ ಕಾಲೆತ್ತಿ ರೂಢಿಯಾದ ನಾಯಿ ಮೂತ್ರ ಹೀರುವ ಪ್ಯಾಡಿನ ಮೇಲೆ ಮಾಡುವುದಿಲ್ಲ, ತಡೆದು ತಡೆದು ಒದ್ದಾಡುತ್ತದೆ. ಅದರದೇ ಮೂತ್ರದ ವಾಸನೆ ತಾಗಿದ ಗೋಣಿಚೂರನ್ನು ಪ್ಯಾಡಿನ ಮೇಲಿಟ್ಟು ಮನೆಯಲ್ಲೇ ಎರಡು ವಾರ ಅಭ್ಯಾಸ ಮಾಡಿಸಿ, ಆ ಚೂರನ್ನೇ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಜೊತೆಗೊಯ್ಯಿರಿ. ದೊಡ್ಡ ನಾಯಿ ಎಂಟು-ಹತ್ತು ತಾಸು ತಡೆದೀತು. ವಡೋದರಾ, ಕೋಟಾದಂಥ ದೊಡ್ಡ ನಿಲ್ದಾಣಗಳಲ್ಲಿ ಇಳಿಸುವುದಾದರೆ ಒಬ್ಬರು ಬಾಗಿಲಲ್ಲೇ ನಿಂತಿರಬೇಕು.

ಕೊಂಕಣ ರೈಲ್ವೆಯ ಸುರಂಗಗಳಲ್ಲಿ ಸದ್ದು ಇಮ್ಮಡಿಯಾಗುತ್ತದೆ. ರತ್ನಾಗಿರಿ ಹತ್ತಿರದ ಕರಬುಡೆ ಸುರಂಗ ಒಂದೇ ಆರೂವರೆ ಕಿಲೋಮೀಟರ್. ಪರದೆ ಎಳೆದು, ಮನೆಯ ಹಳೆಯ ಚಾದರ ಹೊದಿಸಿ, ಬರ್ತ್ ಕೆಳಗೆ ಮಲಗಲು ಬಿಡಿ. ನಿದ್ದೆ ಮಾತ್ರೆ ನೀವಾಗಿಯೇ ಕೊಡಬೇಡಿ. ಅದರಿಂದ ರಕ್ತದೊತ್ತಡ ಇಳಿಯುತ್ತದೆ, ಮೈಯ ಶಾಖ ಸರಿದೂಗಿಸುವ ಶಕ್ತಿಯೂ ಕುಗ್ಗುತ್ತದೆ. ವಾಂತಿಯ ಸ್ವಭಾವವಿದ್ದರೆ ಅದಕ್ಕೆ ಬೇರೆ ಔಷಧಿ ಇದೆ, ವೈದ್ಯರಿಂದ ಬರೆಸಿಕೊಳ್ಳಿ. ಮಳೆಗಾಲದಲ್ಲಿ ಈ ಮಾರ್ಗಕ್ಕೆ ಬೇರೆಯೇ ವೇಳಾಪಟ್ಟಿ, ಗಾಡಿಯ ವೇಗವೂ ಕಡಿಮೆ. ಹೊರಡುವ ಗಂಟೆಯನ್ನು ಮತ್ತೊಮ್ಮೆ ನೋಡಿಕೊಳ್ಳಿ.

ನೀವು ಹೋಗುತ್ತಿರುವುದು ಹಸುಗೂಸಿನ ಮನೆಗೆ, ಆದ್ದರಿಂದ ಉಣುಗಿನ ಮಾತು. ಘಟ್ಟದ ಅಂಚಿನ ನಾಯಿಯ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಅವು ಅಂಟಿಕೊಂಡೇ ಇರುತ್ತವೆ. ಉಣುಗಿನಿಂದಲೇ ಹರಡುವ ಮಂಗನ ಕಾಯಿಲೆಯನ್ನು ಕಂಡ ಈ ಜಿಲ್ಲೆಯವರಿಗೆ ಅದನ್ನು ಹಗುರವಾಗಿ ನೋಡಬಾರದೆಂದು ಬೇರೆ ಹೇಳಬೇಕಿಲ್ಲ. ಹೊರಡುವ ವಾರ ಮೊದಲೇ ಉಣುಗಿನ ಔಷಧಿ, ಜಂತಿನ ಮಾತ್ರೆ ಎರಡೂ ಆಗಲಿ. ಬೆನ್ನಿಗೆ ಬಿಡುವ ಔಷಧಿಯಾದರೆ ಹಿಂದೆ ಮುಂದೆ ಎರಡು ದಿನ ಸ್ನಾನ ಮಾಡಿಸಬೇಡಿ.

ಕಾರಿನಲ್ಲೇ ಹೋಗುತ್ತೇವೆ ಎನ್ನುವವರಿಗೆ ಒಂದು ಸೋಜಿಗ: ಅಂಕೋಲಾದಲ್ಲಿ ಮುಗಿಯುವ ರಾಷ್ಟ್ರೀಯ ಹೆದ್ದಾರಿ 52 ಶುರುವಾಗುವುದು ಪಂಜಾಬಿನ ಸಂಗ್ರೂರ್‌ನಲ್ಲಿ. ನಾಯಿಯೊಂದಿಗೆ ದೆಹಲಿಗೆ ನಾಲ್ಕು ದಿನ ಇಟ್ಟುಕೊಳ್ಳಿ, ಅರಬೈಲ್ ಘಟ್ಟ ಹತ್ತುವ ಮುನ್ನ ಹೊಟ್ಟೆ ಖಾಲಿ ಇರಲಿ. ಊಟಕ್ಕೆ ಇಳಿದಾಗ ಕಿಟಕಿ ಇಷ್ಟೇ ಇಷ್ಟು ತೆರೆದು ನಾಯಿಯನ್ನು ಒಳಗೆ ಬಿಡಬೇಡಿ, ಹೊರಗೆ 30 ಡಿಗ್ರಿ ಇದ್ದರೆ ಅರ್ಧ ಗಂಟೆಯಲ್ಲಿ ಒಳಗೆ 45 ದಾಟುತ್ತದೆ.

ಕೊನೆಗೆ ವಾಪಸಾತಿ. ಮುಂಗಡ ಟಿಕೆಟ್ ಸಿಗುವುದು 60 ದಿನ ಮೊದಲು ಮಾತ್ರ, ಹಾಗಾಗಿ ಮೂರು ತಿಂಗಳಾಚೆಯ ಟಿಕೆಟ್ಟನ್ನು ಇಲ್ಲಿಂದಲೇ ಮಾಡಿಸಲಾಗದು. ದೆಹಲಿಯಲ್ಲಿ ಇನ್ನೊಂದು ಅರ್ಜಿ, ಅಲ್ಲಿಯ ಪಶುವೈದ್ಯರಿಂದ ಹೊಸ ಪ್ರಮಾಣಪತ್ರ. ರೇಬೀಸ್ ಲಸಿಕೆಯ ವರ್ಷ ಅಷ್ಟರೊಳಗೆ ತೀರುವಂತಿದ್ದರೆ ಕಾರವಾರದಲ್ಲೇ ಹಾಕಿಸಿ ಹೊರಡಿ. ಮೊದಲ ಸಲ ಹಾಕಿಸುವುದಾದರೆ ಪ್ರಯಾಣಕ್ಕೆ ತಿಂಗಳಿರುವಾಗಲೇ ಆಗಬೇಕು, ಲಸಿಕೆ ಕೆಲಸಮಾಡಲು ಮೂರು ವಾರ ಬೇಕು.