ಬೇರೆಯವರು ಬರೆದ ಕೋಡನ್ನು ಓದುವಾಗ

ಬೇರೆಯವರು ಬರೆದಿಟ್ಟ ಹಳೆಯ ಪ್ರೋಗ್ರಾಂ ಒಂದನ್ನು ಕೈಗೆತ್ತಿಕೊಂಡಾಗ, ಒಂದೊಂದು ಸಾಲೂ ಅರ್ಥವಾದರೂ ಒಟ್ಟಿನಲ್ಲಿ ಅದು ಏನು ಮಾಡುತ್ತಿದೆ ಎಂಬುದು ತಿಳಿಯದೆ ಕೂರುವುದು ನಮ್ಮ ವೃತ್ತಿಯಲ್ಲಿ ದಿನನಿತ್ಯದ ಪಾಡು. ಒಂದು ಸಂಖ್ಯೆಯನ್ನು ಇನ್ನೊಂದರಿಂದ ಕಳೆಯುವುದು ಕಣ್ಣಿಗೆ ಕಾಣುತ್ತದೆ. ಅದು ಸಾಲದ ಕಂತೋ, ಉಳಿದ ಸೀಟುಗಳ ಲೆಕ್ಕವೋ ಎಂಬುದನ್ನು ಆ ಸಾಲು ಹೇಳುವುದಿಲ್ಲ. ಟೆಡ್ ಬಿಗ್ಗರ್‌ಸ್ಟಾಫ್ ಮತ್ತು ಅವರ ಸಹಸಂಶೋಧಕರು 1993ರಲ್ಲಿ ಇದನ್ನೇ ಪರಿಕಲ್ಪನೆಗಳನ್ನು ಹೊಂದಿಸುವ ಸಮಸ್ಯೆ ಎಂದು ಗುರುತಿಸಿದರು: ಜನರ ಮಾತಿನಲ್ಲಿರುವ ಪರಿಕಲ್ಪನೆಗಳನ್ನು ಪತ್ತೆಹಚ್ಚಿ, ಕೋಡಿನಲ್ಲಿ ಅವು ಅಡಗಿರುವ ಜಾಗಕ್ಕೆ ಜೋಡಿಸುವ ಕೆಲಸವದು.

ಒಮ್ಮೆ ನಾನು ಓದುತ್ತಿದ್ದ ಫಂಕ್ಷನ್ (ಒಂದು ಕೆಲಸಕ್ಕೆಂದು ಬರೆದ ಕೋಡಿನ ತುಣುಕು) ಒಂದರಲ್ಲಿ ‘ಡ್ಯೂ’ ಎಂಬ ವೇರಿಯೇಬಲ್, ಅಂದರೆ ಮೌಲ್ಯವೊಂದನ್ನು ಹಿಡಿದಿಡುವ ಹೆಸರು, ಇತ್ತು. ಅದು ಕಟ್ಟಬೇಕಾದ ಹಣವೇ ಇರಬೇಕೆಂದು ಅರ್ಧ ದಿನ ನಂಬಿಕೊಂಡಿದ್ದೆ. ಅದರ ಮೌಲ್ಯವನ್ನು ಲೆಕ್ಕ ಹಾಕುವ ಸಾಲಿನ ಕೊನೆಯಲ್ಲಿ 86400ರಿಂದ ಭಾಗಿಸಿರುವುದು ಆಮೇಲೆ ಕಣ್ಣಿಗೆ ಬಿತ್ತು. ಒಂದು ದಿನಕ್ಕೆ ಅಷ್ಟೇ ಸೆಕೆಂಡುಗಳು. ಹಾಗಾದರೆ ಆ ವೇರಿಯೇಬಲ್ ಹಿಡಿದಿಟ್ಟಿದ್ದದ್ದು ಗಡುವು ಮೀರಿದ ದಿನಗಳನ್ನು, ಅದರ ಕೆಳಗಿನ ‘30ಕ್ಕಿಂತ ಹೆಚ್ಚಿದ್ದರೆ’ ಎಂಬ ಷರತ್ತು ದಂಡವಿಲ್ಲದ ಅವಧಿಯನ್ನು. (ಹೆಸರಿಟ್ಟವರನ್ನು ಮನಸ್ಸಿನಲ್ಲೇ ಬೈದುಕೊಂಡೆನೆಂಬುದನ್ನೂ ಹೇಳಿಬಿಡುತ್ತೇನೆ.)

ಇಂತಹ ಸುಳಿವುಗಳನ್ನು ಸಂಶೋಧಕ ರುವೆನ್ ಬ್ರೂಕ್ಸ್ 1983ರಲ್ಲಿ ‘ಬೀಕನ್’ (ದಾರಿದೀಪ) ಎಂದು ಕರೆದರು. ಓದುಗ ಮೊದಲು ಒಂದು ಊಹೆ ಮಾಡಿಕೊಂಡು, ಅದನ್ನು ಸಮರ್ಥಿಸುವ ಬೀಕನ್‌ಗಳನ್ನು ಕೋಡಿನಲ್ಲಿ ಹುಡುಕುತ್ತಾನೆ ಎಂಬುದು ಅವರ ವಾದ. ಲೂಪಿನೊಳಗೆ (ಮತ್ತೆ ಮತ್ತೆ ಓಡುವ ಸಾಲುಗಳೊಳಗೆ) ಎರಡು ಮೌಲ್ಯಗಳು ಜಾಗ ಅದಲುಬದಲು ಮಾಡಿಕೊಳ್ಳುವುದನ್ನು ಕಂಡೊಡನೆ ‘ಇದು ವಿಂಗಡಣೆ (ಕ್ರಮವಾಗಿ ಜೋಡಿಸುವುದು)’ ಎಂದು ಅನುಭವಿಗಳಿಗೆ ಹೊಳೆಯುವುದು ಹೀಗೆಯೇ. ಆದರೆ ಹೊಳೆದದ್ದನ್ನು ಪರೀಕ್ಷಿಸದೆ ಬಿಡಬಾರದು. ಗಡುವಿನ ದಿನಾಂಕವನ್ನು 30 ದಿನ ಹಿಂದಕ್ಕಿಟ್ಟು ಒಮ್ಮೆ, 31 ದಿನ ಹಿಂದಕ್ಕಿಟ್ಟು ಇನ್ನೊಮ್ಮೆ ಓಡಿಸಿದೆ; ಎರಡನೆಯ ಸಲ ಮಾತ್ರ ದಂಡ ಬಿತ್ತು.

ಆ ಸಂಖ್ಯೆ 30 ಏಕೆ, 45 ಏಕಲ್ಲ ಎಂಬುದಕ್ಕೆ ಮಾತ್ರ ಕೋಡಿನಲ್ಲಿ ಉತ್ತರವಿರಲಿಲ್ಲ. ಪ್ರೋಗ್ರಾಮಿನ ನಿಜವಾದ ತಿಳಿವಳಿಕೆ ಅದನ್ನು ಕಟ್ಟಿದವರ ತಲೆಯಲ್ಲಿರುತ್ತದೆ, ಅದನ್ನು ಪೂರ್ತಿಯಾಗಿ ಕಾಗದಕ್ಕಿಳಿಸಲಾಗದು ಎಂದು ಕಂಪ್ಯೂಟರ್ ವಿಜ್ಞಾನಿ ಪೀಟರ್ ನೌರ್ 1985ರಲ್ಲಿ ವಾದಿಸಿದ್ದರು. ಕೋಡು ಬದಲಿಸಿದವರು ಬರೆದಿಡುವ ಹಳೆಯ ಕಮಿಟ್ ಟಿಪ್ಪಣಿಯಲ್ಲಿ ‘ಸೂಚನೆಯಂತೆ ಬದಲಿಸಲಾಗಿದೆ’ ಎಂದಷ್ಟೇ ಇತ್ತು. ಕೊನೆಗೆ ಲೆಕ್ಕಪತ್ರ ನೋಡಿಕೊಳ್ಳುವ ಹಿರಿಯರೊಬ್ಬರನ್ನು ಕೇಳಿ ಕಾರಣ ತಿಳಿದುಕೊಂಡು, ‘ಡ್ಯೂ’ ಎಂಬುದನ್ನು ‘ಓವರ್‌ಡ್ಯೂ ಡೇಸ್’ ಎಂದು ಬದಲಿಸಿ, 30ರ ಪಕ್ಕದಲ್ಲಿ ಎರಡು ಸಾಲಿನ ಕಾಮೆಂಟ್ (ಓದುವವರಿಗಾಗಿ ಕೋಡಿನಲ್ಲೇ ಬರೆಯುವ ವಿವರಣೆ) ಬರೆದಿಟ್ಟೆ.