ಉಡಾನ್ ದುಡ್ಡು ಮಾರ್ಗಕ್ಕೆ, ನಿಮ್ಮ ಟಿಕೆಟ್ಟಿಗಲ್ಲ

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಒಂದು ವಿಮಾನ ನಿಂತರೆ ಸಾಕು, ನನ್ನ ಮೇಜಿನ ಮೇಲೆ ಒಂದು ಮನವಿ ಪತ್ರ ಬಂದು ಕೂರುತ್ತದೆ. "ಸ್ವಲ್ಪ ತಿದ್ದಿ ಕೊಡ್ರಿ ಸರ್" ಅನ್ನುತ್ತಾರೆ. ತರುವವರು ಬೇರೆ ಬೇರೆ. ಉದ್ಯಮಬಾಗದ ಫೌಂಡ್ರಿ ಮಾಲೀಕರು, ಹೋಟೆಲಿನವರು, ಕೆಲವೊಮ್ಮೆ ವಿಜಯಪುರದ ದ್ರಾಕ್ಷಿ ವ್ಯಾಪಾರಿಗಳು. ಪತ್ರ ಮಾತ್ರ ಒಂದೇ. ಸಣ್ಣ ಊರುಗಳಿಗೆ ವಿಮಾನ ಹಾರಿಸಲು ಕೇಂದ್ರ ತಂದ ಉಡಾನ್ ಯೋಜನೆಯ ಸಬ್ಸಿಡಿಯನ್ನು ಸರ್ಕಾರ ಮುಂದುವರಿಸಬೇಕು, ಟಿಕೆಟ್ ದರ ಇಳಿಸಬೇಕು, ನಿಂತ ವಿಮಾನ ಕೂಡಲೇ ಶುರುವಾಗಬೇಕು. ಮೂರನ್ನೂ ಒಂದೇ ಉಸಿರಿನಲ್ಲಿ ಕೇಳಿರುತ್ತಾರೆ. ಅವು ಮೂರು ಬೇರೆ ಬೇರೆ ಬೇಡಿಕೆಗಳು, ಒಂದೊಂದಕ್ಕೂ ಉತ್ತರ ಕೊಡುವವರು ಬೇರೆ ಅಂತ ಹೇಳಿ ಹೇಳಿ ನನಗೆ ಸಾಕಾಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಯಾವ ಊರಿಂದ ಯಾವ ಊರಿಗೆ, ಎಷ್ಟು ಸೀಟಿನ ವಿಮಾನ, ವಾರಕ್ಕೆ ಎಷ್ಟು ದಿನ, ಎಷ್ಟು ಜನ ಹತ್ತಿದರೆ ಖರ್ಚು ಹುಟ್ಟುತ್ತದೆ ಅಂತ ಲೆಕ್ಕ ಹಾಕುವುದು ನನ್ನ ಕೆಲಸ. ಈ ಲೆಕ್ಕ ಹಾಕುವಾಗ ಮೊದಲು ಕೇಳುವ ಪ್ರಶ್ನೆ ಒಂದೇ. ಸರ್ಕಾರ ಕೊಡುವ ದುಡ್ಡು ಮನುಷ್ಯನಿಗೋ, ಮಾರ್ಗಕ್ಕೋ?

ನಮ್ಮ ಬಸ್ಸನ್ನೇ ನೋಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಹೆಣ್ಣುಮಕ್ಕಳು ಹತ್ತುತ್ತಾರೆ, ಅವರ ಟಿಕೆಟ್ ದುಡ್ಡನ್ನು ಸರ್ಕಾರ ಸಾರಿಗೆ ಸಂಸ್ಥೆಗೆ ಕಟ್ಟುತ್ತದೆ. ಅದು ಮನುಷ್ಯನ ಲೆಕ್ಕ. ಹಳ್ಳಿಗೆ ಹೋಗುವ ವಸ್ತಿ ಬಸ್ ಬೇರೆ. ರಾತ್ರಿ ಹತ್ತೇ ಜನ ಇದ್ದರೂ ಅದು ಹೋಗುತ್ತದೆ, ಅಲ್ಲೇ ನಿಲ್ಲುತ್ತದೆ, ಬೆಳಿಗ್ಗೆ ಹೊರಡುತ್ತದೆ. ಅಲ್ಲಿ ಒಳಗೆ ಕೂತವರು ಯಾರು ಅನ್ನುವುದು ಮುಖ್ಯವಲ್ಲ, ಬಸ್ ಓಡಬೇಕು ಅಷ್ಟೇ. ಉಡಾನ್ ಈ ಎರಡನೇ ಜಾತಿಯದು. ಆದರೆ ಅದಕ್ಕೆ ಮೂರು ವರ್ಷದ ಗಡುವು ಇದೆ.

ಇದನ್ನು ಇನ್ನೊಂದು ಸಲ ನಿಧಾನವಾಗಿ ಹೇಳುತ್ತೇನೆ. 50 ಸೀಟಿನ ವಿಮಾನ ಅಂತ ಇಟ್ಟುಕೊಳ್ಳಿ. ಅದರಲ್ಲಿ ಸುಮಾರು ಅರ್ಧ, ಅಂದರೆ 25 ಸೀಟನ್ನು ಸರ್ಕಾರ ಗೊತ್ತುಮಾಡಿದ ದರದ ಮಿತಿಯೊಳಗೆ ಮಾರಬೇಕು. ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಅಂತ 2016–17ರಲ್ಲಿ ಕೇಳಿದೆವಲ್ಲ, ಆ ಮಿತಿ ಇದೇ. ದೂರಕ್ಕೆ ತಕ್ಕಂತೆ ಅದು ಬದಲಾಗುತ್ತದೆ, ಆಗಾಗ ಪರಿಷ್ಕರಣೆಯೂ ಆಗುತ್ತದೆ. ಆ ದರಕ್ಕೆ ಮಾರಿದರೆ ಖರ್ಚು ಹುಟ್ಟದು. ಆ ಕೊರತೆ ತುಂಬಲು ಕೊಡುವ ದುಡ್ಡೇ ವಯಬಿಲಿಟಿ ಗ್ಯಾಪ್ ಫಂಡಿಂಗ್, ನಮ್ಮ ಬಾಯಲ್ಲಿ ವಿಜಿಎಫ್. ಅದು ಬರುವುದು ದೊಡ್ಡ ಮಾರ್ಗಗಳ ವಿಮಾನಗಳ ಮೇಲೆ ಹಾಕಿದ ಲೆವಿಯಿಂದ, ಅಂದರೆ ಶುಲ್ಕದಿಂದ. ನಮ್ಮಂಥ ರಾಜ್ಯಗಳು 20% ಪಾಲು ಹಾಕಬೇಕು. ಉಳಿದ 25 ಸೀಟುಗಳನ್ನು ಕಂಪನಿ ತನಗೆ ಬೇಕಾದ ದರಕ್ಕೆ ಮಾರಬಹುದು. ಅದರಲ್ಲಿ ಮೋಸ ಇಲ್ಲ, ಯೋಜನೆ ಕಟ್ಟಿದ್ದೇ ಹಾಗೆ.

ಇದು ಗೊತ್ತಿಲ್ಲದೆ ಇಬ್ಬರು ಪಾಲುದಾರರು ಜಗಳ ಆಡಿಕೊಂಡು ನನ್ನ ಹತ್ತಿರ ಬಂದಿದ್ದರು. ಒಂದೇ ವಿಮಾನ, ಒಂದೇ ಸಾಲು. ಒಬ್ಬರು ಎರಡು ತಿಂಗಳು ಮೊದಲೇ ಬುಕ್ ಮಾಡಿದ್ದರು, ಇನ್ನೊಬ್ಬರು ಹೊರಡುವ ಎರಡು ದಿನ ಮುಂಚೆ. ಎರಡನೆಯವರ ಟಿಕೆಟ್ ಎರಡು ಪಟ್ಟಿಗಿಂತ ಜಾಸ್ತಿ. "ಸರ್ಕಾರ ರೊಕ್ಕ ಕೊಡ್ತೈತಿ ಅಂತೀರಿ, ನನಗ್ಯಾಕ ತುಟ್ಟಿ ಆತು?" ಅಂತ ಅವರ ಸಿಟ್ಟು. ಸಿಟ್ಟು ನ್ಯಾಯದ್ದೇ. ಅಗ್ಗದ ಸೀಟು ಮುಗಿದಿತ್ತು, ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಇಬ್ಬರೂ ಒಳ್ಳೆಯವರು, ಚಹಾ ಕುಡಿದು ರಾಜಿಯಾಗಿಯೇ ಹೋದರು. ಮುಂದಿನ ತಿಂಗಳು ಬಂದ ಮನವಿ ಪತ್ರದಲ್ಲಿ ಮಾತ್ರ ಮತ್ತೆ ಅದೇ ಸಾಲು, ಕೆಳಗೆ ಇಬ್ಬರದೂ ಸಹಿ.

ಇನ್ನು ಗಡುವಿನ ಮಾತು. ವಿಜಿಎಫ್ ಮೂರು ವರ್ಷ. ಆಮೇಲೆ ಮಾರ್ಗ ತನ್ನ ಕಾಲ ಮೇಲೆ ನಿಲ್ಲಬೇಕು. ಬೆಳಗಾವಿಗೆ 2019ರ ಜನವರಿಯಲ್ಲಿ ಉಡಾನ್ ಮಾರ್ಗ ಹಂಚಿಕೆಯ ಮೂರನೇ ಸುತ್ತಿನಲ್ಲಿ ಹತ್ತಕ್ಕೂ ಹೆಚ್ಚು ಮಾರ್ಗ ಸಿಕ್ಕವು. ಊರಿಡೀ ಸಂಭ್ರಮ. ಆಗಲೇ ಕೆಲವರಿಗೆ ಹೇಳಿದ್ದೆ, ನಾಲ್ಕನೇ ವರ್ಷದ ಯೋಚನೆ ಈಗಲೇ ಮಾಡಿ ಅಂತ. ದೇಶದ ಲೆಕ್ಕ ಬೇಕಿದ್ದರೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ 2023ರ ವರದಿ ನೋಡಿ. ಮೂರನೇ ಸುತ್ತಿನವರೆಗೆ ಕೊಟ್ಟ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಅದಾದ ಮೇಲೂ 2023ರ ಮಾರ್ಚ್‌ನಲ್ಲಿ ಉಳಿದಿದ್ದವು 54. ಅಂದರೆ ನಿಂತದ್ದು ನಮ್ಮ ಊರಿನ ವಿಮಾನಗಳಷ್ಟೇ ಅಲ್ಲ. ಬೆಳಗಾವಿಗೆ ಅನ್ಯಾಯವಾಯಿತು ಅನ್ನುವ ಮಾತು ಕೇಳಿದಾಗ ಈ ಅಂಕಿ ನೆನಪಿರಲಿ.

"ಹಂಗಾದ್ರ ದ್ವೀಪದವರಿಗೆ ವರ್ಷಾನುಗಟ್ಟಲೆ ಹೆಂಗ ಕೊಡ್ತಾರ್ರಿ?" ಅಂತ ಒಬ್ಬರು ಕೇಳಿದರು. ಬಹಳ ಒಳ್ಳೆಯ ಪ್ರಶ್ನೆ. ಸ್ಕಾಟ್ಲೆಂಡಿನ ಬಾರಾ ದ್ವೀಪಕ್ಕೆ ಗ್ಲಾಸ್ಗೋದಿಂದ ಸಣ್ಣ ವಿಮಾನ ಹೋಗುತ್ತದೆ. ಇಳಿಯುವುದು ಸಮುದ್ರ ತೀರದ ಮರಳಿನ ಮೇಲೆ. ನೀರು ಏರುವ ಇಳಿಯುವ ಹೊತ್ತು ನೋಡಿಕೊಂಡೇ ಅದರ ವೇಳಾಪಟ್ಟಿ. ಸ್ಕಾಟ್ಲೆಂಡಿನದೇ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ 2.7 ಕಿಲೋಮೀಟರ್, ಎರಡು ನಿಮಿಷದ ಹಾರಾಟ. ಪಾಪಾ ವೆಸ್ಟ್ರೇಯಲ್ಲಿರುವುದು ನೂರರ ಆಸುಪಾಸು ಜನ. ಮೇಷ್ಟ್ರು ಹೋಗುವುದೂ ಅದರಲ್ಲೇ, ರೋಗಿಗಳು ಬರುವುದೂ ಅದರಲ್ಲೇ. ಈ ಮಾರ್ಗಗಳು ಲಾಭಕ್ಕೆ ಬರುತ್ತವೆ ಅಂತ ಯಾರೂ ಅಂದುಕೊಂಡಿಲ್ಲ. ಟೆಂಡರ್ ಅವಧಿ ಮುಗಿದರೆ ಮತ್ತೆ ಟೆಂಡರ್ ಕರೆಯುತ್ತಾರೆ, ಯಾಕೆಂದರೆ ಸುತ್ತ ನೀರು. ಅಲ್ಲಿನ ದ್ವೀಪದ ನಿವಾಸಿಗಳಿಗೆ ಮೂಲ ದರದಲ್ಲಿ 50% ರಿಯಾಯಿತಿ ಕೊಡುವ ಬೇರೊಂದು ಯೋಜನೆಯೂ ಇದೆ. ಅದು ಮನುಷ್ಯನಿಗೆ ಕೊಡುವ ದುಡ್ಡು. ಸ್ಪೇನಿನಲ್ಲಿ ಕ್ಯಾನರಿ ದ್ವೀಪದವರಿಗೆ ಅದು 75%. ನೋಡಿ, ಅಲ್ಲಿ ಎರಡು ಖಾತೆ. ಎರಡನ್ನೂ ಅವರು ಬೆರೆಸುವುದಿಲ್ಲ.

ನಮ್ಮಲ್ಲೂ ದ್ವೀಪ ಇದೆಯಲ್ಲ. ಲಕ್ಷದ್ವೀಪದ ಅಗತ್ತಿಯಲ್ಲಿ ವಿಮಾನ ನಿಲ್ದಾಣ ಆದದ್ದು 1988ರಲ್ಲಿ. ರನ್‌ವೇ ಸುಮಾರು 1,200 ಮೀಟರ್. ದೊಡ್ಡ ಜೆಟ್ ಇಳಿಯಲು ಆಗದು, ಕೊಚ್ಚಿಯಿಂದ ಎಟಿಆರ್ ಅನ್ನುವ ಸಣ್ಣ ವಿಮಾನ ಹೋಗುತ್ತದೆ. ಹಡಗಿನಲ್ಲಾದರೆ ಹದಿನಾಲ್ಕು ಗಂಟೆಯ ಮೇಲೆ. ಉಳಿದ ದ್ವೀಪಗಳ ರೋಗಿಯನ್ನು ತುರ್ತಾಗಿ ಕರೆತರಲು ಹೆಲಿಕಾಪ್ಟರ್ ಬೇಕೇ ಬೇಕು. ಅಲ್ಲಿ ಸೀಟು ತುಂಬಿತೋ ಇಲ್ಲವೋ ಅಂತ ಕೇಳುವುದೇ ತಪ್ಪು.

ಬೆಳಗಾವಿ ಹಾಗಲ್ಲ. ನೂರು ಕಿಲೋಮೀಟರ್ ಒಳಗೆ ಹುಬ್ಬಳ್ಳಿ ವಿಮಾನ ನಿಲ್ದಾಣ, ಅತ್ತ ಕೊಲ್ಲಾಪುರ, ಇತ್ತ ಗೋವಾ. 2025ರ ಆಗಸ್ಟ್‌ನಿಂದ ಬೆಂಗಳೂರಿಗೆ ವಂದೇ ಭಾರತ್ ರೈಲೂ ಇದೆ. ದಿಲ್ಲಿಯಲ್ಲಿ ಕೂತ ಅಧಿಕಾರಿ ನಕ್ಷೆ ನೋಡಿದಾಗ ಇದೆಲ್ಲ ಕಾಣುತ್ತದೆ. ನಾವು ದ್ವೀಪದವರ ದನಿಯಲ್ಲಿ ಕೇಳಿದರೆ ಪತ್ರ ಅಲ್ಲೇ ಬಿದ್ದಿರುತ್ತದೆ. ಬುರಣಾಪುರ–ಮದಭಾವಿಯ ಹತ್ತಿರ ವಿಜಯಪುರದ ನಿಲ್ದಾಣ ಕಟ್ಟಿದ್ದಾರೆ, ಅಲ್ಲಿನವರಿಗೂ ಇದೇ ಮಾತು. ಬಾಗಲಕೋಟೆಯಲ್ಲೂ ಬೇಕು ಅನ್ನುವವರಿದ್ದಾರೆ. ಆಸೆ ತಪ್ಪಲ್ಲ. ಆದರೆ ರನ್‌ವೇ ಆದ ಕೂಡಲೇ ವಿಮಾನ ಬರುವುದಿಲ್ಲ. ಬಂದರೂ ಮೂರು ವರ್ಷದ ನಂತರ ಅದನ್ನು ಉಳಿಸಿಕೊಳ್ಳಬೇಕಾದವರು ನಾವೇ.

ಒಂದು ಎಚ್ಚರಿಕೆ. ನಿಯಮ ಸುತ್ತಿನಿಂದ ಸುತ್ತಿಗೆ ಬದಲಾಗುತ್ತದೆ. 2025ರ ಬಜೆಟ್‌ನಲ್ಲಿ ಪರಿಷ್ಕೃತ ಉಡಾನ್ ಘೋಷಿಸಿ 120 ಹೊಸ ಸ್ಥಳ, ಹತ್ತು ವರ್ಷದಲ್ಲಿ 4 ಕೋಟಿ ಪ್ರಯಾಣಿಕರು ಅಂತ ಹೇಳಿದ್ದಾರೆ. ನಿಮ್ಮ ಮಾರ್ಗಕ್ಕೆ ಯಾವ ಷರತ್ತು ಅನ್ವಯಿಸುತ್ತದೆ ಅಂತ ಆಯಾ ಸುತ್ತಿನ ದಾಖಲೆ ಓದದೆ ಖಚಿತವಾಗಿ ಹೇಳಬಾರದು. ಸುಮ್ನೆ ಈ ಅಂಕಣ ನಂಬಿ ಹೋಟೆಲ್ ಕಟ್ಟಲು ಸಾಲ ಮಾಡಬೇಡಿ.

ಹಾಗಾದರೆ ಪತ್ರದಲ್ಲಿ ಏನು ಬರೆಯಬೇಕು? ದರ ಇಳಿಸಿ ಅನ್ನುವ ಸಾಲು ತೆಗೆಯಿರಿ. ನಿಮ್ಮ ಕಾರ್ಖಾನೆಯಿಂದ ತಿಂಗಳಿಗೆ ಎಷ್ಟು ಜನ ಪುಣೆಗೆ, ಅಹಮದಾಬಾದಿಗೆ, ಹೈದರಾಬಾದಿಗೆ ಹೋಗುತ್ತಾರೆ, ಯಾವ ವಾರ, ಬೆಳಿಗ್ಗೆಯೋ ಸಂಜೆಯೋ, ಅವರಲ್ಲಿ ಹುಬ್ಬಳ್ಳಿಗೆ ಹೋಗಿ ಹತ್ತುವವರು ಎಷ್ಟು, ಇದನ್ನು ಬರೆಯಿರಿ. ಹತ್ತು ಕಾರ್ಖಾನೆ ಸೇರಿ ಇಷ್ಟು ಸೀಟು ನಾವೇ ಮುಂಗಡ ಕೊಳ್ಳುತ್ತೇವೆ ಅಂತ ಒಪ್ಪಿದರೆ ಇನ್ನೂ ಚೆನ್ನ. ಈ ಪತ್ರ ಸಂಸದರಿಗಿಂತ ಮೊದಲು ವಿಮಾನ ಕಂಪನಿಯ ಮಾರ್ಗ ಯೋಜನೆ ವಿಭಾಗಕ್ಕೆ ಹೋಗಲಿ. ಹೊತ್ತೂ ಮುಖ್ಯ. ಚಳಿಗಾಲದ ವೇಳಾಪಟ್ಟಿ ಅಕ್ಟೋಬರ್ ಕೊನೆಯ ಭಾನುವಾರ ಶುರು, ಬೇಸಿಗೆಯದು ಮಾರ್ಚ್ ಕೊನೆಯ ಭಾನುವಾರ. ಯಾವ ವಿಮಾನ ಎಲ್ಲಿ ಹಾರಬೇಕು ಅನ್ನುವುದು ತಿಂಗಳುಗಟ್ಟಲೆ ಮುಂಚೆಯೇ ತೀರ್ಮಾನವಾಗಿರುತ್ತದೆ. ದೀಪಾವಳಿ ಹೊತ್ತಿಗೆ ವಿಮಾನ ಬೇಕು ಅಂತ ದಸರಾದಲ್ಲಿ ನನ್ನ ಹತ್ತಿರ ಬರಬೇಡಿ, ಮುಂಗಾರು ಶುರುವಾಗುವ ಮೊದಲೇ ಪಟ್ಟಿ ತನ್ನಿ.