ಚೆನ್ನಾಗಿ ವಿಮಾನ ಹಾರಿಸುವವರು ಕಲಿಸೋಕೆ ಮನಃಶಾಸ್ತ್ರ ಯಾಕೆ ಓದಬೇಕು?

ಓದುಗರ ಪ್ರಶ್ನೆ: ನನ್ನ ಹತ್ತಿರ ಪೈಲಟ್ ಲೈಸೆನ್ಸ್ ಇದೆ, ಈಗ ಫ್ಲೈಟ್ ಇನ್‌ಸ್ಟ್ರಕ್ಟರ್ ಆಗೋಕೆ ಓದುತ್ತಿದ್ದೇನೆ. ಕಲಿಕೆಯ ನಿಯಮಗಳು, ಮಾಸ್ಲೋ ಪಿರಮಿಡ್ಡು, ಮನಸ್ಸಿನ ರಕ್ಷಣಾ ತಂತ್ರಗಳು ಅಂತ ಬರೀ ವ್ಯಾಖ್ಯೆಗಳೇ. ಇವನ್ನೆಲ್ಲ ಬಾಯಿಪಾಠ ಮಾಡಿ ಏನು ಉಪಯೋಗ? ಚೆನ್ನಾಗಿ ಹಾರಿಸೋಕೆ ಬಂದರೆ ಕಲಿಸೋಕೂ ಬರಲ್ವಾ?

ಉತ್ತರ: ತಾನಾಗಿ ಬರಲ್ಲ. ಆದರೆ ನಿಮ್ಮ ದೂರಿನಲ್ಲಿ ನ್ಯಾಯ ಇದೆ, ಈ ವಿಷಯವನ್ನು ಪರೀಕ್ಷೆಗಾಗಿ ಓದಿಸುವ ರೀತಿ ನಿಜಕ್ಕೂ ನೀರಸ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಇದಕ್ಕಂತಲೇ ಬೇರೆ ಲಿಖಿತ ಪರೀಕ್ಷೆ ಇಟ್ಟಿದೆ. 50 ಪ್ರಶ್ನೆ, ಶೇ. 70 ಬಂದರೆ ಪಾಸ್. ಉರು ಹೊಡೆದವರೂ ಪಾಸಾಗುತ್ತಾರೆ, ಮರುವಾರ ಮರೆತೂಬಿಡುತ್ತಾರೆ. ಯುರೋಪಿನ ಅಂಥದೇ ಸಂಸ್ಥೆ ಇಎಎಸ್‌ಎ ನಿಯಮದಲ್ಲಿ ಇನ್‌ಸ್ಟ್ರಕ್ಟರ್ ಕೋರ್ಸಿನ 25 ಗಂಟೆ ಬರೀ ಕಲಿಕೆ ಮತ್ತು ಕಲಿಸುವಿಕೆಗೇ ಮೀಸಲು. ಇಷ್ಟು ಸಮಯವನ್ನು ಸುಮ್ನೆ ಎತ್ತಿಟ್ಟಿಲ್ಲ. ನನ್ನ ಮಟ್ಟಿಗೆ ಈ ಓದಿನ ಸಾರ ಇಷ್ಟೇ: ಪಕ್ಕದ ಸೀಟಿನಲ್ಲಿರುವವರ ತಲೆಯೊಳಗೆ ಏನು ನಡೆಯುತ್ತಿದೆ ಅಂತ ನೋಡೋಕೆ ಕಲಿಯುವುದು, ಮತ್ತು ಅದರಲ್ಲಿ ಎಷ್ಟು ಭಾಗ ನಿಮ್ಮಿಂದಲೇ ಆಗುತ್ತಿದೆ ಅಂತ ಗುರುತಿಸುವುದು.

ಮೊದಲು ನಿಮ್ಮ ತಲೆಯಿಂದಲೇ ಶುರು ಮಾಡೋಣ. ಮನಃಶಾಸ್ತ್ರಜ್ಞರಾದ ಪಾಲ್ ಫಿಟ್ಸ್ ಮತ್ತು ಮೈಕೆಲ್ ಪೋಸ್ನರ್ 1967ರಲ್ಲಿ ಕೈಕಾಲು ಬಳಸಿ ಮಾಡುವ ಕೆಲಸಗಳ ಕಲಿಕೆಯನ್ನು ಮೂರು ಹಂತವಾಗಿ ವಿವರಿಸಿದರು. ಮೊದಲ ಹಂತದಲ್ಲಿ ಪ್ರತಿಯೊಂದನ್ನೂ ಯೋಚಿಸಿ ಮಾಡಬೇಕು. ಎರಡನೆಯದರಲ್ಲಿ ತುಣುಕುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಮೂರನೆಯದರಲ್ಲಿ ಕೆಲಸ ತಾನಾಗಿ ನಡೆಯುತ್ತದೆ. ನೀವು ಈಗ ಮೂರನೇ ಹಂತದಲ್ಲಿದ್ದೀರಿ. ಪವರ್ ಕೊಟ್ಟ ಕೂಡಲೇ ನಿಮ್ಮ ಬಲಗಾಲು ರಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಪೆಡಲ್) ಒತ್ತುತ್ತದೆ, ಒತ್ತಿದ್ದು ನಿಮಗೇ ಗೊತ್ತಾಗಲ್ಲ. ತೊಂದರೆ ಇರೋದು ಅಲ್ಲೇ. ನಿಮಗೇ ಗೊತ್ತಾಗದೆ ನಡೆಯುವ ಕೆಲಸವನ್ನು ನೀವು ಇನ್ನೊಬ್ಬರಿಗೆ ಹೇಳಿಕೊಡೋದು ಮರೆತುಬಿಡುತ್ತೀರಿ. ಆಮೇಲೆ ಮೂಗು ಎಡಕ್ಕೆ ಯಾಕೆ ಎಳೀತಾ ಇದೆ ಅಂತ ಅವರನ್ನೇ ಕೇಳುತ್ತೀರಿ. ತಾನಾಗಿ ಆಗುತ್ತಿರುವುದನ್ನು ಮತ್ತೆ ಬಿಡಿಸಿ, ಯಾವುದು ಮೊದಲು, ಯಾವುದನ್ನು ನೋಡಿ ಕೈ ಆಡಿಸಬೇಕು ಅಂತ ಮಾತಿನಲ್ಲಿ ಇಡುವುದು ಇನ್‌ಸ್ಟ್ರಕ್ಟರ್ ತರಬೇತಿಯ ದೊಡ್ಡ ಕೆಲಸ. ಹಾರಿಸುತ್ತಲೇ ಮಾತಾಡೋಕೆ ಹೋದಾಗ ಒಳ್ಳೊಳ್ಳೆ ಪೈಲಟ್‌ಗಳೂ ಮೊದಮೊದಲು ತಡವರಿಸೋದು ಇದಕ್ಕೇ.

ಇನ್ನು ಕಲಿಯುವವರ ಕಡೆ ನೋಡಿ. ಹೊಸಬರಿಗೆ ವೇಗ, ಎತ್ತರ, ದಿಕ್ಕು, ರೇಡಿಯೊ, ಅಕ್ಕಪಕ್ಕದ ವಿಮಾನಗಳು, ಜೊತೆಗೆ ನಿಮ್ಮ ಮಾತು, ಎಲ್ಲವೂ ಬೇರೆಬೇರೆಯಾಗಿಯೇ ಬಂದು ಬೀಳುತ್ತವೆ. ತಲೆ ಒಂದೇ ಹೊತ್ತಿಗೆ ಸುಮಾರು ಏಳು ವಿಷಯ ಹಿಡಿದಿಡಬಲ್ಲದು ಅಂತ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ಮುಂದೆ 2001ರಲ್ಲಿ ನೆಲ್ಸನ್ ಕೋವನ್ ಅದನ್ನು ನಾಲ್ಕರ ಹತ್ತಿರಕ್ಕೆ ಇಳಿಸಿದರು. ನಾಲ್ಕೋ ಏಳೋ, ಕಾಕ್‌ಪಿಟ್ಟಿನಲ್ಲಿ ಅದು ಬಹಳ ಬೇಗ ತುಂಬಿಹೋಗುತ್ತದೆ. ತುಂಬಿದಾಗ ಸಾಮಾನ್ಯವಾಗಿ ಮೊದಲು ಕೈಕೊಡೋದು ಕಿವಿ. ಟವರ್‌ನವರು ಕರೆಯುತ್ತಿರುತ್ತಾರೆ, ಕಲಿಯುವವರಿಗೆ ಕೇಳಿಸಲ್ಲ. ನೀವು 'ಪವರ್ ಕಡಿಮೆ ಮಾಡಿ' ಅಂತೀರಿ, ಅವರು ತಲೆಯಾಡಿಸುತ್ತಾರೆ, ಕೈ ಮಾತ್ರ ಅಲ್ಲಾಡಲ್ಲ. ಇದನ್ನು ನೋಡಿದ ಹೊಸ ಇನ್‌ಸ್ಟ್ರಕ್ಟರ್ ಏನು ಮಾಡುತ್ತಾರೆ? ಅದೇ ಮಾತನ್ನು ಇನ್ನೂ ಜೋರಾಗಿ, ಇನ್ನೂ ಉದ್ದಕ್ಕೆ ಹೇಳುತ್ತಾರೆ, ಮೊದಲೇ ತುಂಬಿದ ತಲೆಗೆ ಇನ್ನಷ್ಟು ತುಂಬುತ್ತಾರೆ. ಮಾಡಬೇಕಾದ್ದು ಅದರ ಉಲ್ಟಾ. ರೇಡಿಯೊ ನೀವು ತಗೊಳ್ಳಿ, ವಿಮಾನ ಹಾರಿಸೋದೊಂದನ್ನು ಬಿಟ್ಟು ಬೇರೆ ಯಾವ ಹೊಣೆಯೂ ಅವರ ಮೇಲೆ ಬೇಡ, ಒಂದು ನಿಮಿಷ ಸುಮ್ಮನಿರಿ. ವಿವರಣೆ ಕೊಡೋಕೆ ನೆಲದ ಮೇಲಿನ ಬ್ರೀಫಿಂಗ್ ಇದೆ, ಇಳಿದ ಮೇಲಿನ ಡಿಬ್ರೀಫಿಂಗ್ ಇದೆ. ಎಂಜಿನ್ ಸದ್ದು, ಸೆಖೆ, ಕುಲುಕಾಟದ ನಡುವೆ ಕಾಕ್‌ಪಿಟ್ ಅನ್ನೋದು ಪಾಠ ಹೇಳೋಕೆ ಕೆಟ್ಟ ಜಾಗ, ಅಭ್ಯಾಸ ಮಾಡೋಕೆ ಮಾತ್ರ ಒಳ್ಳೆಯ ಜಾಗ.

ಒಂದು ಲ್ಯಾಂಡಿಂಗ್ ತಗೊಂಡು ನೋಡೋಣ, ಯಾಕಂದರೆ ಮೇಲೆ ಹೇಳಿದ್ದೆಲ್ಲ ಅಲ್ಲಿ ಒಟ್ಟಿಗೆ ಕಾಣುತ್ತದೆ. ಚಿಕ್ಕ ತರಬೇತಿ ವಿಮಾನದಲ್ಲಿ ನೆಲದಿಂದ ಸುಮಾರು 10ರಿಂದ 20 ಅಡಿ ಮೇಲಿರುವಾಗ ಫ್ಲೇರ್ ಶುರುವಾಗುತ್ತದೆ, ಅಂದರೆ ಯೋಕ್ ಅನ್ನು (ವಿಮಾನ ನಡೆಸುವ ಹಿಡಿಕೆ) ನಿಧಾನವಾಗಿ ಹಿಂದಕ್ಕೆ ಎಳೆದು ಇಳಿಯುವ ವೇಗ ತಗ್ಗಿಸುವುದು. ಕಲಿಯುವವರು ಒಂದೋ ಬೇಗ ಎಳೆಯುತ್ತಾರೆ, ಇಲ್ಲಾ ತಡವಾಗಿ ಎಳೆಯುತ್ತಾರೆ. ಇನ್‌ಸ್ಟ್ರಕ್ಟರ್ ಪಕ್ಕದಿಂದ 'ಎಳೆಯಿರಿ, ಎಳೆಯಿರಿ, ಸಾಕು, ಹಾಗೇ ಹಿಡಿಯಿರಿ' ಅನ್ನುತ್ತಾರೆ. ಲ್ಯಾಂಡಿಂಗ್ ಚೆನ್ನಾಗಿ ಆಗುತ್ತದೆ, ಇಬ್ಬರಿಗೂ ಖುಷಿ. ಆದರೆ ಆ ಸ್ಟೂಡೆಂಟ್ ಕಲಿತದ್ದೇನು? ನೆಲ ಹತ್ತಿರ ಬರುವುದನ್ನು ಕಣ್ಣಿನಿಂದ ಅಳೆಯೋದನ್ನಂತೂ ಕಲಿತಿಲ್ಲ, ನಿಮ್ಮ ದನಿ ಕೇಳಿದಾಗ ಎಳೆಯೋದನ್ನು ಕಲಿತರು. ಮೊದಲ ಸೋಲೋ ದಿನ ಪಕ್ಕದ ಸೀಟು ಖಾಲಿ, ದನಿ ಇಲ್ಲ. ನಿಜವಾದ ತಪ್ಪು ಬಹುಪಾಲು ಕಣ್ಣಿನಲ್ಲಿರುತ್ತದೆ: ಅವರು ಮೂಗಿನ ಮುಂದಿನ ರನ್‌ವೇಯನ್ನೇ ದಿಟ್ಟಿಸುತ್ತಿರುತ್ತಾರೆ, ಅಲ್ಲಿ ಎಲ್ಲವೂ ಸರ್ರನೆ ಹಿಂದಕ್ಕೆ ಓಡುವುದರಿಂದ ಎತ್ತರ ತಿಳಿಯಲ್ಲ. ನೋಟವನ್ನು ರನ್‌ವೇಯ ದೂರದ ತುದಿಯ ಕಡೆಗೆ ಸರಿಸಿದರೆ ನೆಲ ಮೇಲೇರಿ ಬರುವ ಹಾಗೆ ಕಾಣೋಕೆ ಶುರುವಾಗುತ್ತದೆ, ಕೈ ಅದರ ಹಿಂದೆಯೇ ಬರುತ್ತದೆ. ಹಾಗಾಗಿ 'ಎಳೆಯಿರಿ' ಅನ್ನುವ ಬದಲು 'ಈಗ ಎಲ್ಲಿ ನೋಡ್ತಾ ಇದ್ದೀರಿ?' ಅಂತ ಕೇಳಿ. ಈ ಒಂದು ಪ್ರಶ್ನೆಯಿಂದ ಎಷ್ಟೋ ಲ್ಯಾಂಡಿಂಗ್‌ಗಳು ಸರಿಯಾಗುತ್ತವೆ.

ಕೈಯ ವಿಷಯವೂ ಹೀಗೇ. ನೆಲ ಹತ್ತಿರ ಬಂದಾಗ ಇನ್‌ಸ್ಟ್ರಕ್ಟರ್ ಬೆರಳುಗಳು ತಮ್ಮಷ್ಟಕ್ಕೆ ಯೋಕ್ ಮೇಲೆ ಹೋಗುತ್ತವೆ, ಒಂಚೂರು ಒತ್ತುತ್ತವೆ. ಆ ಲ್ಯಾಂಡಿಂಗ್ ಮಾಡಿದ್ದು ಯಾರು ಅಂತ ಸ್ಟೂಡೆಂಟ್‌ಗೆ ಗೊತ್ತಾಗಲ್ಲ. ತನ್ನದೇ ಅಂದುಕೊಂಡರೆ ಸುಳ್ಳು ಧೈರ್ಯ, ನಿಮ್ಮದು ಅಂದುಕೊಂಡರೆ ಇದ್ದ ಧೈರ್ಯವೂ ಹೋಯಿತು. 'ಐ ಹ್ಯಾವ್ ಕಂಟ್ರೋಲ್', 'ಯು ಹ್ಯಾವ್ ಕಂಟ್ರೋಲ್' ಅಂತ ಬಾಯಿಬಿಟ್ಟು ಹೇಳಿ ಕೈ ಬದಲಿಸುವ ಶಿಸ್ತು ಮೊದಲನೆಯದಾಗಿ ಸುರಕ್ಷತೆಗೆ ಅನ್ನೋದು ನಿಜ. ಕಲಿಕೆಗೂ ಅದು ಅಷ್ಟೇ ಮುಖ್ಯ, ಯಾಕಂದರೆ ಯಾವ ಕೆಲಸಕ್ಕೆ ಯಾವ ಫಲ ಬಂತು ಅಂತ ಕಲಿಯುವವರಿಗೆ ಸ್ಪಷ್ಟವಾಗಿ ಕಾಣಬೇಕು. ಒಳ್ಳೆಯ ಫಲ ಕೊಟ್ಟ ಕೆಲಸವೇ ಗಟ್ಟಿಯಾಗುತ್ತದೆ ಅನ್ನುವ ಮನಃಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಅವರ ಪರಿಣಾಮದ ನಿಯಮ ಅಂತ ನೀವು ಉರು ಹೊಡೆಯುತ್ತಿರುವುದು ಇದನ್ನೇ.

ಈಗ ಹೊಗಳಿಕೆ, ಬೈಗುಳದ ವಿಷಯ. ಇಲ್ಲಿ ಒಂದು ಘಟನೆ ಹೇಳಲೇಬೇಕು, ಯಾಕಂದರೆ ಅದು ನಡೆದದ್ದು ಫ್ಲೈಟ್ ಇನ್‌ಸ್ಟ್ರಕ್ಟರ್‌ಗಳ ಕ್ಲಾಸಿನಲ್ಲೇ. ಮುಂದೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮನಃಶಾಸ್ತ್ರಜ್ಞ ಡೇನಿಯಲ್ ಕಾನೆಮನ್, ಇಸ್ರೇಲ್ ವಾಯುಪಡೆಯ ಇನ್‌ಸ್ಟ್ರಕ್ಟರ್‌ಗಳಿಗೆ ಪಾಠ ಮಾಡುತ್ತಾ, ಶಿಕ್ಷೆಗಿಂತ ಮೆಚ್ಚುಗೆಯಿಂದ ಕಲಿಕೆ ಚೆನ್ನಾಗಿ ಆಗುತ್ತದೆ ಅಂದರು. ಅನುಭವಿ ಇನ್‌ಸ್ಟ್ರಕ್ಟರ್ ಒಬ್ಬರು ಒಪ್ಪಲಿಲ್ಲ. ಕೆಡೆಟ್ ಒಳ್ಳೆಯ ಏರೋಬ್ಯಾಟಿಕ್ಸ್ (ಆಕಾಶದಲ್ಲಿ ವಿಮಾನದ ಕಸರತ್ತು) ಮಾಡಿದಾಗ ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಟ್ಟದಾಗಿ ಮಾಡಿದಾಗ ಕಿರುಚಿದರೆ ಮುಂದಿನ ಸಲ ಸುಧಾರಿಸುತ್ತಾನೆ, ಇದು ನಾನು ಕಂಡದ್ದು ಅಂತ ಹೇಳಿದರು. ಅವರು ಕಂಡದ್ದು ನಿಜವೇ, ಅದಕ್ಕೆ ಕೊಟ್ಟ ಕಾರಣ ತಪ್ಪು. ಯಾರದೇ ಆಗಲಿ, ತೀರಾ ಒಳ್ಳೆಯ ಒಂದು ಹಾರಾಟದ ನಂತರದ್ದು ಸಾಮಾನ್ಯವಾಗಿ ಅವರ ಸರಾಸರಿಯ ಹತ್ತಿರಕ್ಕೆ ಇಳಿಯುತ್ತದೆ, ತೀರಾ ಕೆಟ್ಟದರ ನಂತರದ್ದು ಸರಾಸರಿಯ ಹತ್ತಿರಕ್ಕೆ ಏರುತ್ತದೆ. ನೀವು ಹೊಗಳಿದರೂ ಅಷ್ಟೇ, ಬೈದರೂ ಅಷ್ಟೇ, ಬಾಯಿ ಮುಚ್ಚಿಕೊಂಡಿದ್ದರೂ ಅಷ್ಟೇ. ಕಾನೆಮನ್ ಅಲ್ಲೇ ನೆಲದ ಮೇಲೆ ಒಂದು ಗುರುತು ಹಾಕಿ, ಎಲ್ಲರೂ ಆ ಗುರುತಿಗೆ ಬೆನ್ನು ಹಾಕಿ ನಿಂತು ಅದರ ಕಡೆಗೆ ಎರಡೆರಡು ಸಲ ನಾಣ್ಯ ಎಸೆಯಬೇಕು ಅಂತ ಹೇಳಿದರು. ಮೊದಲ ಸಲ ಗುರುತಿನ ಹತ್ತಿರ ಎಸೆದವರಲ್ಲಿ ಹೆಚ್ಚಿನವರು ಎರಡನೇ ಸಲ ಕೆಡಿಸಿದರು, ಮೊದಲ ಸಲ ಕೆಡಿಸಿದವರಲ್ಲಿ ಹೆಚ್ಚಿನವರು ಸುಧಾರಿಸಿದರು. ಅಲ್ಲಿ ಯಾರೂ ಯಾರನ್ನೂ ಬೈದಿರಲಿಲ್ಲ.

ಇದು ನನಗೆ ಯಾಕೆ ಇಷ್ಟು ಮುಖ್ಯ ಅನಿಸುತ್ತದೆ ಅಂದರೆ, ಅನುಭವವೇ ಇನ್‌ಸ್ಟ್ರಕ್ಟರ್‌ಗೆ ತಪ್ಪು ಪಾಠ ಕಲಿಸುವ ಜಾಗ ಇದು. ಮನಃಶಾಸ್ತ್ರ ಓದದೆ ಬರೀ ಗಂಟೆ ಸೇರಿಸುತ್ತಾ ಹೋದರೆ, ಕಿರುಚಾಟ ಕೆಲಸ ಮಾಡುತ್ತದೆ ಅನ್ನುವ ನಂಬಿಕೆ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತದೆ. ಕಿರುಚಿಸಿಕೊಂಡವರು ಮಾತ್ರ ಪ್ರಶ್ನೆ ಕೇಳೋದು ನಿಲ್ಲಿಸುತ್ತಾರೆ, ತಪ್ಪು ಮುಚ್ಚಿಡೋಕೆ ಕಲಿಯುತ್ತಾರೆ. ತಪ್ಪು ಮುಚ್ಚಿಡುವ ಪೈಲಟ್‌ಗಿಂತ ಅಪಾಯ ಇನ್ನೇನಿದೆ?

ಭಯದ ಬಗ್ಗೆಯೂ ಹೇಳಬೇಕು. ನಿಮ್ಮ ಸಿಲಬಸ್ಸಿನಲ್ಲಿರುವ ರಕ್ಷಣಾ ತಂತ್ರಗಳ ಪಟ್ಟಿ ನಿಜ ಜೀವನದಲ್ಲಿ ಹೆಸರಿನ ಚೀಟಿ ಅಂಟಿಸಿಕೊಂಡು ಬರಲ್ಲ. ಸ್ಟಾಲ್ ಪಾಠ ಇರುವ ದಿನವೇ ಒಬ್ಬರಿಗೆ ಗಾಳಿ ಜಾಸ್ತಿ ಇದೆ ಅನಿಸುತ್ತದೆ. ಇನ್ನೊಂದು ದಿನ ನಿದ್ದೆ ಆಗಿಲ್ಲ, ಮತ್ತೊಂದು ದಿನ 'ಸರ್, ಇವತ್ತು ಲ್ಯಾಂಡಿಂಗೇ ಮಾಡೋಣ್ವಾ?' ಅಂತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಭಯ ತನಗೊಂದು ಸಭ್ಯವಾದ ಕಾರಣ ಹುಡುಕಿಕೊಂಡಿದೆ ಅಷ್ಟೇ. ಕೈ ನೋಡಿ: ಯೋಕನ್ನು ಬೆರಳಗಂಟು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಿರುತ್ತಾರೆ. ಇಂಥವರಿಗೆ 'ಹೆದರಬೇಡಿ' ಅನ್ನುವುದರಿಂದ ಏನೂ ಆಗಲ್ಲ. ಸ್ಟಾಲ್ ಅಂದರೆ ಎಂಜಿನ್ ನಿಲ್ಲೋದಲ್ಲ, ರೆಕ್ಕೆ ಗಾಳಿಯನ್ನು ಎದುರಿಸುವ ಕೋನ ಮಿತಿ ಮೀರಿದಾಗ ಲಿಫ್ಟ್ (ವಿಮಾನವನ್ನು ಎತ್ತಿ ಹಿಡಿಯುವ ಬಲ) ಕುಸಿಯೋದು ಅಂತ ನೆಲದ ಮೇಲೆ ತಿಳಿಸಿ. ಮೇಲೆ ಹೋದ ಮೇಲೆ ಸಾಕಷ್ಟು ಎತ್ತರದಲ್ಲಿ ಮೊದಲು ನೀವೇ ಮೆತ್ತಗೆ ಮಾಡಿ ತೋರಿಸಿ, ಆಮೇಲೆ ಸ್ಟಾಲ್ ವಾರ್ನಿಂಗ್ ಸದ್ದು ಬಂದಾಗಲೇ ಬಿಡಿಸಿಕೊಳ್ಳೋದನ್ನು ಅವರ ಕೈಯಲ್ಲಿ ಮಾಡಿಸಿ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ, 1917ರಲ್ಲಿ, ಇಂಗ್ಲೆಂಡಿನ ಗಾಸ್‌ಪೋರ್ಟ್‌ನಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ಅನ್ನುವ ಅಧಿಕಾರಿ ತರಬೇತಿಯ ದಿಕ್ಕನ್ನೇ ಬದಲಿಸಿದ್ದು ಈ ಒಂದು ಯೋಚನೆಯಿಂದ. ಅಪಾಯದ ಚಲನೆಗಳಿಂದ ಕಲಿಯುವವರನ್ನು ದೂರ ಇಡುವ ಬದಲು, ಇನ್‌ಸ್ಟ್ರಕ್ಟರ್ ಜೊತೆಯಲ್ಲೇ ಅವುಗಳೊಳಗೆ ಕರೆದುಕೊಂಡು ಹೋಗಿ ಹೊರಬರುವ ದಾರಿ ಕಲಿಸಬೇಕು ಅಂತ ಅವರ ಪಟ್ಟು. ಎಂಜಿನ್ ಸದ್ದಿನಲ್ಲಿ ಮಾತು ಕೇಳಿಸಲಿ ಅಂತ ಇನ್‌ಸ್ಟ್ರಕ್ಟರ್ ಬಾಯಿಂದ ಸ್ಟೂಡೆಂಟ್ ಕಿವಿಗೆ ಒಂದು ಕೊಳವೆಯನ್ನೂ ಜೋಡಿಸಿದರು. ಆ ಊರಿನ ಹೆಸರೇ ಆ ಕೊಳವೆಗೆ ಉಳಿದುಕೊಂಡಿತು.

ಅಭ್ಯಾಸದ ಲೆಕ್ಕಾಚಾರ ಬೇಗ ಮುಗಿಸುತ್ತೇನೆ. ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಮರೆವಿನ ರೇಖೆ ತೋರಿಸಿದ್ದರು: ಹೊಸದಾಗಿ ಕಲಿತದ್ದು ಮೊದಲ ಕೆಲವು ದಿನಗಳಲ್ಲೇ ಜಾಸ್ತಿ ಸೋರಿಹೋಗುತ್ತದೆ. ಹಾಗಾಗಿ ವಾರಕ್ಕೆ ಎರಡು ಮೂರು ಸಲ ಹಾರುವವರು ಮುಂದೆ ಹೋಗುತ್ತಾರೆ, ತಿಂಗಳಿಗೊಮ್ಮೆ ಬರುವವರು ಹಳೆಯದನ್ನೇ ಮತ್ತೆ ಕಲಿಯುತ್ತಾರೆ. ಒಂದೇ ದಿನ ಸಾಲಾಗಿ ಸರ್ಕ್ಯೂಟ್ (ಏರಿ, ಒಂದು ಸುತ್ತು ಹಾಕಿ, ಅದೇ ರನ್‌ವೇಗೆ ಇಳಿಯೋದು) ಹೊಡೆಸಿದರೆ ಆವತ್ತಿನ ಲ್ಯಾಂಡಿಂಗ್ ಚೆನ್ನಾಗಿ ಕಾಣುತ್ತದೆ. ಬೇರೆಬೇರೆ ಕೆಲಸ ಬೆರೆಸಿ ಮಾಡಿಸಿದರೆ ಆವತ್ತು ಕೆಟ್ಟದಾಗಿ ಕಂಡರೂ ಹೆಚ್ಚು ದಿನ ಉಳಿಯುತ್ತದೆ. ಕಲಿಕೆ ಒಂದು ಕಡೆ ನಿಂತುಬಿಟ್ಟ ಹಾಗೆ ಕಾಣುವ ಹಂತವೂ ಬರುತ್ತದೆ, ಹೆಚ್ಚಾಗಿ ಲ್ಯಾಂಡಿಂಗ್‌ನಲ್ಲಿ. ಅದು ಸಹಜ ಅಂತ ಮೊದಲೇ ಹೇಳಿಟ್ಟಿರಿ, ಆಗ ಅವರು ಕೈಚೆಲ್ಲಲ್ಲ. ಮೊದಲು ಕಲಿತದ್ದೇ ಗಟ್ಟಿಯಾಗಿ ಕೂರುತ್ತದೆ ಅನ್ನುವ ನಿಯಮಕ್ಕೆ ಒಳ್ಳೆಯ ಉದಾಹರಣೆ, ಮನೆಯ ಕಂಪ್ಯೂಟರ್ ಸಿಮ್ಯುಲೇಟರ್‌ನಲ್ಲಿ ಬಹಳ ಆಡಿ ಬಂದವರು. ಅವರ ಕಣ್ಣು ಸದಾ ಮೀಟರ್‌ಗಳ ಮೇಲೆ, ಹೊರಗೆ ನೋಡೋದೇ ಇಲ್ಲ. ಒಂದು ಕಾಗದದಿಂದ ಮೀಟರ್‌ಗಳನ್ನು ಮುಚ್ಚಿ, ಎಂಜಿನ್ ಸದ್ದು ಮತ್ತು ದಿಗಂತವನ್ನು ನಂಬಿ ಹಾರಿಸೋಕೆ ಬಿಡಿ.

ಸಿಲಬಸ್ಸಿನಲ್ಲಿ ಇರೋದೆಲ್ಲವನ್ನೂ ಒಂದೇ ತೂಕದಲ್ಲಿ ತಗೋಬೇಡಿ ಅಂತಲೂ ಹೇಳುತ್ತೇನೆ. ಕೆಲವರು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು, ಅವರವರ ಶೈಲಿಗೆ ತಕ್ಕ ಹಾಗೆ ಪಾಠ ಮಾಡಬೇಕು ಅನ್ನುವ ಮಾತು ಬಹಳ ಜನಪ್ರಿಯ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು ಅದರ ಹಿಂದಿನ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿ, ಹಾಗೆ ಪಾಠ ಹೊಂದಿಸುವುದಕ್ಕೆ ಸಾಕಷ್ಟು ಆಧಾರ ಇಲ್ಲ ಅಂದರು. ಪರೀಕ್ಷೆಯಲ್ಲಿ ಕೇಳಿದ್ದಕ್ಕೆ ಉತ್ತರ ಬರೆಯಿರಿ, ಕಾಕ್‌ಪಿಟ್ಟಿನಲ್ಲಿ ಯಾರಿಗೂ ಶೈಲಿಯ ಹಣೆಪಟ್ಟಿ ಹಚ್ಚಬೇಡಿ. ಲ್ಯಾಂಡಿಂಗನ್ನು ಎಲ್ಲರೂ ನೋಡಿಯೂ ಕೈಯಾರೆ ಮಾಡಿಯೂ ಕಲಿಯಬೇಕು, ಅಲ್ವಾ?

ಹಾಗಾದರೆ ಹೇಗೆ ಓದಬೇಕು? ಪ್ರತಿ ವ್ಯಾಖ್ಯೆಯ ಪಕ್ಕ ಒಂದು ಹಾರಾಟದ ಸನ್ನಿವೇಶ ಬರೆದಿಡಿ, ನೀವು ಕಲಿಯುವಾಗ ನಡೆದದ್ದೇ ಆಗಲಿ. ಅವಕಾಶ ಸಿಕ್ಕರೆ, ಅವರ ಒಪ್ಪಿಗೆ ಕೇಳಿ, ಬೇರೊಬ್ಬರ ಪಾಠ ನಡೆಯುವಾಗ ಹಿಂದಿನ ಸೀಟಿನಲ್ಲಿ ಕುಳಿತು ಇನ್‌ಸ್ಟ್ರಕ್ಟರ್ ಯಾವಾಗ ಮಾತಾಡಿದರು, ಯಾವಾಗ ಸುಮ್ಮನಿದ್ದರು ಅಂತ ಗಮನಿಸಿ. ವಿಮಾನದ ಗಂಧಗಾಳಿ ಇಲ್ಲದ ಒಬ್ಬರಿಗೆ ಸ್ಟಾಲ್ ಅಂದರೇನು ಅಂತ ವಿವರಿಸಿ, ಆಮೇಲೆ ಅವರ ಬಾಯಿಂದಲೇ ತಿರುಗಿ ಹೇಳಿಸಿ. ಅವರು ಎಲ್ಲಿ ತಪ್ಪುತ್ತಾರೋ, ನಿಮ್ಮ ವಿವರಣೆ ಅಲ್ಲಿ ಕೈಕೊಟ್ಟಿದೆ. ಡಿಬ್ರೀಫಿಂಗ್‌ನ ಅಭ್ಯಾಸವನ್ನೂ ಈಗಿನಿಂದಲೇ ಶುರು ಮಾಡಿ. ಜೊತೆಗೆ ಓದುವ ಸ್ನೇಹಿತರ ಜೊತೆ ಹಾರಿ ಇಳಿದ ಮೇಲೆ ನಿಮ್ಮ ಅಭಿಪ್ರಾಯ ಹೇಳುವ ಮುಂಚೆ 'ನಿಮಗೆ ಹೇಗನಿಸಿತು?' ಅಂತ ಕೇಳಿ, ಅವರು ಪೂರ್ತಿ ಹೇಳಿ ಮುಗಿಸುವವರೆಗೆ ಕಾಯಿರಿ. ಅವರು ತಮ್ಮ ತಪ್ಪನ್ನು ತಾವೇ ಕಂಡುಕೊಂಡಿದ್ದರೆ ನೀವು ಅದನ್ನು ಮತ್ತೆ ಹೇಳಬೇಕಿಲ್ಲ, ಮುಂದಿನ ಸಲ ಏನು ಬೇರೆ ಮಾಡುತ್ತೀರಿ ಅಂತ ಕೇಳಿದರೆ ಸಾಕು.